ಇಂಗ್ಲಿಷಿನ ಸುತ್ತುದಾರಿಯನ್ನು ಬಿಟ್ಟು ಕನ್ನಡದಿಂದಲೇ ಜಪಾನಿ ಭಾಷೆಯನ್ನು ಕಲಿಯಬಹುದೇ?

ತುಂಗೆಯ ದಡ
ಎಲ್ಲರಿಗೂ ನಮಸ್ಕಾರ. ಬೇರೆ ಬೇರೆ ಊರುಗಳಲ್ಲಿರುವ ನಾವು ಹನ್ನೊಂದು ಮಂದಿ ಎರಡು ತಿಂಗಳಿಂದ ವಾರಕ್ಕೆ ಮೂರು ಸಂಜೆ ಒಟ್ಟಿಗೆ ಕುಳಿತು ಜಪಾನಿ ಭಾಷೆಯನ್ನು ಮೊದಲಿನಿಂದ ಕಲಿಯುತ್ತಿದ್ದೇವೆ. ಹಿರಗನ ಲಿಪಿಯ 46 ಅಕ್ಷರಗಳು ಕೈಗೆ ಹತ್ತಿವೆ, ಇನ್ನೊಂದು ಲಿಪಿಯಾದ ಕತಕನ ಅರ್ಧಕ್ಕೆ ಬಂದಿದೆ. ಡಿಸೆಂಬರಿನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಮೊದಲ ಹಂತವಾದ ಎನ್5 ಅನ್ನು ಬರೆಯಬೇಕೆಂಬುದು ನಮ್ಮಲ್ಲಿ ಹಲವರ ಆಸೆ.

ನಮ್ಮ ತೊಡಕು ಪಠ್ಯಪುಸ್ತಕದ್ದು. ಅದರ ವಿವರಣೆಯೆಲ್ಲ ಇಂಗ್ಲಿಷಿನಲ್ಲಿದೆ; ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ ಎಂಬುದನ್ನು ಅದು ದೊಡ್ಡ ವಿಚಿತ್ರವೆಂಬಂತೆ ಎರಡು ಪುಟ ವಿವರಿಸುತ್ತದೆ. ಮೊನ್ನೆಯ ಸಂಜೆ ‘ಕಿನೋ ಕತ್ತ ಹೊನ್’ ಎಂಬ ಮೂರು ಪದಗಳ ಮೇಲೆ ಅರ್ಧ ಗಂಟೆ ಕಳೆದೆವು. ನಾಮಪದದ ಮೊದಲು ವಾಕ್ಯವೊಂದು ಹೇಗೆ ಕೂರುತ್ತದೆಂದು ಪುಸ್ತಕ ಬಾಣದ ಗುರುತುಗಳನ್ನು ಹಾಕಿ ತೋರಿಸುತ್ತಿತ್ತು. ಕೊನೆಗೆ ಒಬ್ಬರು, ‘ಇದು ನಿನ್ನೆ ಕೊಂಡ ಪುಸ್ತಕ ಅಲ್ಲವೇ?’ ಎಂದರು. ಪದಕ್ಕೆ ಪದ ಕೂಡಿತು, ಪಾಠ ಮುಗಿಯಿತು.

ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ನಮ್ಮ ಟಿಪ್ಪಣಿಗಳನ್ನೆಲ್ಲ ಕನ್ನಡದಲ್ಲಿಯೇ ಬರೆದುಕೊಂಡು, ಕನ್ನಡ ವ್ಯಾಕರಣದ ಮೂಲಕವೇ ಮುಂದುವರಿದರೆ ಹೇಗೆ? ಕನ್ನಡ ನಮ್ಮನ್ನು ಎಲ್ಲಿಯವರೆಗೆ ಕರೆದುಕೊಂಡು ಹೋಗುತ್ತದೆ, ಎಲ್ಲಿ ಕೈಬಿಡುತ್ತದೆ? ಬಲ್ಲವರು ಹೇಳಬೇಕು.

ಕವಾಸಾಕಿಯ ಕನ್ನಡಿಗ
ಖಂಡಿತ ಮಾಡಿ. ನಾನು ಒಂಬತ್ತು ವರ್ಷಗಳಿಂದ ಇಲ್ಲಿ ಜಪಾನಿನಲ್ಲಿದ್ದೇನೆ. ನನ್ನ ಜೊತೆ ತರಗತಿಯಲ್ಲಿದ್ದ ಯುರೋಪಿನವರು ‘ತೆ’ ರೂಪಕ್ಕೆ ತಿಂಗಳುಗಟ್ಟಲೆ ಒದ್ದಾಡಿದರು. ನನಗೆ ಅದು ಮನೆಯ ಮಾತಿನಂತೆ ಬಂದಿತು. ‘ಒಕಿತೆ, ಕಒ ಒ ಅರತ್ತೆ, ಒಚ ಒ ನೊಂದೆ, ದೆಕಕೆಮಸು.’ ಎದ್ದು, ಮುಖ ತೊಳೆದು, ಚಹಾ ಕುಡಿದು, ಹೊರಡುತ್ತೇನೆ. ಕೊನೆಯದೊಂದೇ ಪೂರ್ಣ ಕ್ರಿಯಾಪದ, ಉಳಿದವೆಲ್ಲ ನಮ್ಮ ‘ಎದ್ದು, ತೊಳೆದು, ಕುಡಿದು’.

ಅದಕ್ಕಿಂತ ಮುಂದಿನದು ಇನ್ನೂ ಚೆನ್ನಾಗಿದೆ. ‘ತಬೆತೆ ಮಿರು’ ಎಂದರೆ ತಿಂದು ನೋಡುವುದು. ‘ಮಿರು’ ಎಂದರೆ ನೋಡುವುದೇ. ‘ತಬೆತೆ ಶಿಮತ್ತ’ ಎಂದರೆ ತಿಂದುಬಿಟ್ಟೆ; ತಿನ್ನಬಾರದಿತ್ತು ಎಂಬ ಅಳುಕು ಕೂಡ ನಮ್ಮ ‘ಬಿಟ್ಟೆ’ಯಲ್ಲಿ ಇರುವಂತೆಯೇ ಅದರಲ್ಲಿಯೂ ಇದೆ. ‘ಕತ್ತೆ ಒಕು’ ಎಂದರೆ ಕೊಂಡಿಡುವುದು. ‘ಒಕು’ ಎಂದರೆ ಇಡುವುದು. ಇದನ್ನು ಇಂಗ್ಲಿಷಿನಲ್ಲಿ ಕಲಿಯಲು ಹೋದರೆ ಒಂದೊಂದಕ್ಕೂ ಒಂದು ಅಧ್ಯಾಯ ಬೇಕು.

ಅಮ್ಮ ಮೈಸೂರು
ನಾನೂ ಈ ಹನ್ನೊಂದರಲ್ಲಿ ಒಬ್ಬಳು. ಹನ್ನೆರಡು ವರ್ಷದ ಮಗನೊಂದಿಗೆ ಕಲಿಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು ಎಂದು ನಮ್ಮತ್ತೆಯವರು ಈಗಲೂ ತಿದ್ದುತ್ತಾರೆ. ಜಪಾನಿನಲ್ಲಿ ಮನೆ ಬಿಡುವವರು ‘ಇತ್ತೆ ಕಿಮಸು’ ಎನ್ನುತ್ತಾರೆಂದು ಕಲಿತ ದಿನ ನಾನು ಪದ ಬಿಡಿಸಿ ನೋಡಿದೆ. ‘ಇತ್ತೆ’ ಎಂದರೆ ಹೋಗಿ, ‘ಕಿಮಸು’ ಎಂದರೆ ಬರುತ್ತೇನೆ. ಒಳಗಿರುವವರು ‘ಇತ್ತೆರಶ್ಶಾಇ’ ಎನ್ನುತ್ತಾರೆ. ಅದು ‘ಹೋಗಿ ಬನ್ನಿ’. ಅತ್ತೆಯವರಿಗೆ ಹೇಳಿದಾಗ, ‘ಅಲ್ಲಿಯೂ ತಿಳಿದವರಿದ್ದಾರೆ’ ಎಂದು ಬಹಳ ಸಂತೋಷಪಟ್ಟರು.

ನೇರನುಡಿ
ನಾನು ಒಪ್ಪುವುದಿಲ್ಲ. ವ್ಯಾಕರಣಕ್ಕೆ ಕನ್ನಡದ ಹೋಲಿಕೆ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಟಿಪ್ಪಣಿಯಲ್ಲಿ ಜಪಾನಿ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವ ಅಭ್ಯಾಸವನ್ನು ಇಂದೇ ನಿಲ್ಲಿಸಿ. ನಾನು ಎನ್5ಕ್ಕಿಂತ ಎರಡು ಹಂತ ಮೇಲಿನ ಎನ್3 ಮುಗಿಸಿದ್ದೇನೆ, ಮತ್ತು ಮೊದಲ ಆರು ತಿಂಗಳು ಕನ್ನಡ ಅಕ್ಷರದಲ್ಲಿ ಬರೆದುಕೊಂಡದ್ದರ ಫಲವನ್ನು ಅನುಭವಿಸಿದ್ದೇನೆ.

ಕನ್ನಡದಲ್ಲಿ ಎರಡು ಸ್ವರಗಳು ಪಕ್ಕಪಕ್ಕ ಬಂದರೆ ನಮ್ಮ ನಾಲಗೆ ಸುಮ್ಮನಿರುವುದಿಲ್ಲ. ನಡುವೆ ಯಕಾರವನ್ನೋ ವಕಾರವನ್ನೋ ತಂದಿಡುತ್ತದೆ. ಮುಖಕ್ಕೆ ‘ಕಒ’ ಎನ್ನಬೇಕು, ನಾವು ‘ಕವೊ’ ಎನ್ನುತ್ತೇವೆ. ಮನೆಗೆ ‘ಇಎ’ ಎನ್ನಬೇಕು, ‘ಇಯೆ’ ಎನ್ನುತ್ತೇವೆ. ಪದದ ಮೊದಲಿಗೆ ‘ಎ’ ಬಂದರೆ ‘ಎರಡು’ ಎಂಬುದನ್ನು ‘ಯೆರಡು’ ಎನ್ನುವ ಹಾಗೆ ರೈಲು ನಿಲ್ದಾಣದ ‘ಎಕಿ’ಯನ್ನು ‘ಯೆಕಿ’ ಮಾಡುತ್ತೇವೆ. ‘ಒಚ’ ‘ವೊಚ’ ಆಗುತ್ತದೆ. ಕನ್ನಡ ಅಕ್ಷರವನ್ನು ಕಣ್ಣು ಕಂಡ ಕೂಡಲೇ ಬಾಯಿ ಕನ್ನಡದ ಹಳೆಯ ಜಾಡು ಹಿಡಿಯುತ್ತದೆ. ಹಿರಗನದಲ್ಲಿ ಬರೆದುಕೊಂಡರೆ ಈ ಜಾಡು ತಪ್ಪುತ್ತದೆ.

ತುಂಗೆಯ ದಡ
ನೇರನುಡಿ ಅವರೇ, ಹಾಗಾದರೆ ರೋಮನ್ ಅಕ್ಷರದಲ್ಲಿ ಬರೆದುಕೊಳ್ಳುವವರ ಗತಿ ಏನು? ಅದರಲ್ಲಿ ಹ್ರಸ್ವ ಯಾವುದು, ದೀರ್ಘ ಯಾವುದು ಎಂದೇ ತಿಳಿಯುವುದಿಲ್ಲ. ಕನ್ನಡದಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಇವೆ. ಅಷ್ಟರ ಮಟ್ಟಿಗೆ ನಮ್ಮ ಲಿಪಿ ವಾಸಿಯಲ್ಲವೇ?

ನೇರನುಡಿ
ರೋಮನ್‌ಗಿಂತ ವಾಸಿ ಎಂಬುದು ನಿಜ. ಹಿರಗನಕ್ಕಿಂತ ವಾಸಿ ಅಲ್ಲ. ಹಿರಗನ ಈಗಾಗಲೇ ಕೈಗೆ ಹತ್ತಿದೆ ಎಂದು ನೀವೇ ಬರೆದಿದ್ದೀರಿ; ಮತ್ತೆ ಊರುಗೋಲು ಏಕೆ?

ಛಂದೋಪ್ರಿಯ, ಧಾರವಾಡ
ನಾನು ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಈ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ ವಿದ್ಯಾರ್ಥಿ. ನೇರನುಡಿಯವರು ಹೇಳಿದ ಆಗಮ ಸಂಧಿಯ ಮಾತು ಸರಿಯಾಗಿದೆ, ನನ್ನ ನಾಲಗೆಯೂ ಹಾಗೆಯೇ ಮಾಡುತ್ತದೆ. ಆದರೆ ಕನ್ನಡದವರಿಗೆ ಜಪಾನಿ ಉಚ್ಚಾರದ ಬೀಗದ ಕೈ ಒಂದು ಮನೆಯಲ್ಲಿಯೇ ಇದೆ. ಅದು ನಮ್ಮ ಮಾತ್ರಾಗಣ.

ಜಪಾನೀಯರು ಪದದ ಉದ್ದವನ್ನು ಎಣಿಸುವುದು ಮಾತ್ರೆಯಲ್ಲಿ. ‘ತೋಕ್ಯೋ’ ಎಂಬುದು ಅವರ ಕಿವಿಗೆ ನಾಲ್ಕು ಎಣಿಕೆ. ನಮ್ಮ ಲೆಕ್ಕದಲ್ಲಿ ಎರಡು ಗುರು, ನಾಲ್ಕು ಮಾತ್ರೆ. ‘ನಿಪ್ಪೊನ್’ ಎಂಬುದೂ ಅವರಿಗೆ ನಾಲ್ಕು. ನಮಗೂ ಒತ್ತಕ್ಷರದ ಹಿಂದಿನ ‘ನಿ’ ಗುರು, ವ್ಯಂಜನದಲ್ಲಿ ನಿಲ್ಲುವ ‘ಪೊನ್’ ಗುರು, ಕೂಡಿದರೆ ನಾಲ್ಕು. ಹೈಕು ಎಂದರೆ ಹದಿನೇಳು ‘ಅಕ್ಷರ’ ಎಂದು ಹಲವರು ಬರೆಯುತ್ತಾರೆ. ಸರಿಯಾಗಿ ಹೇಳಬೇಕಾದರೆ ಅದು ಐದು, ಏಳು, ಐದು ಮಾತ್ರೆಗಳ ಮೂರು ಸಾಲು. ಷಟ್ಪದಿಗೆ ಪ್ರಸ್ತಾರ ಹಾಕಲು ಶಾಲೆಯಲ್ಲಿ ಕಲಿತವರು ಅದೇ ಗೆರೆಗಳನ್ನು ಜಪಾನಿ ಪದದ ಮೇಲೆ ಹಾಕಿ ನೋಡಿರಿ.

ಹೀಗೆ ಎಣಿಸಿದರೆ ದೊಡ್ಡ ತಪ್ಪುಗಳು ತಪ್ಪುತ್ತವೆ. ‘ಒಬಸನ್’ ಎಂದರೆ ಚಿಕ್ಕಮ್ಮನ ವಯಸ್ಸಿನವರು, ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆ ಚೀಟಿ. ಇಂಗ್ಲಿಷಿನವರು ಈ ಎರಡರ ನಡುವಿನ ಭೇದವನ್ನು ಕೇಳಿಸಿಕೊಳ್ಳಲು ಕಿವಿಯನ್ನು ಪಳಗಿಸಬೇಕು. ‘ಕತೆ’ಗೂ ‘ಕತ್ತೆ’ಗೂ ಇರುವ ಭೇದವನ್ನು ತೊಟ್ಟಿಲಲ್ಲಿಯೇ ಕೇಳಿದ ನಮಗೆ ಅದು ಸಹಜ.

ಹಾಸನದ ದಾದಿ
ಸರ್, ನಿಮ್ಮ ಮಾತ್ರೆಯ ಪಾಠದಿಂದ ನನ್ನ ಆಲಿಸುವಿಕೆ ನಿಜವಾಗಿಯೂ ಸುಧಾರಿಸಿದೆ. ಬೆರಳು ಮಡಚಿ ಎಣಿಸಿಕೊಂಡು ಕೇಳುತ್ತೇನೆ.

ಕವಾಸಾಕಿಯ ಕನ್ನಡಿಗ
ಛಂದೋಪ್ರಿಯ ಸರ್ ಅವರ ಮಾತಿಗೆ ಒಂದು ಸೇರ್ಪಡೆ. ಉದ್ದ ಸರಿಯಾದರೆ ಮುಗಿಯಲಿಲ್ಲ, ಏರಿಳಿತವೂ ಇದೆ. ತೋಕ್ಯೋದ ಮಾತಿನಲ್ಲಿ ‘ಹಶಿ’ಯ ಮೊದಲ ಭಾಗವನ್ನು ಏರಿಸಿ ಎರಡನೆಯದನ್ನು ಇಳಿಸಿದರೆ ಊಟದ ಕಡ್ಡಿ; ಮೊದಲನೆಯದನ್ನು ಇಳಿಸಿ ಎರಡನೆಯದನ್ನು ಏರಿಸಿದರೆ ಸೇತುವೆ. ‘ಅಮೆ’ಯೂ ಹಾಗೆಯೇ, ಏರಿ ಇಳಿದರೆ ಮಳೆ, ಇಳಿದು ಏರಿದರೆ ಮಿಠಾಯಿ. ಇದಕ್ಕೆ ಕನ್ನಡದಲ್ಲಿ ಸಮಾನವಾದದ್ದು ಇಲ್ಲ. ಮೊದಲ ದಿನದಿಂದ ಕೇಳಿ ಅನುಕರಿಸುವುದೊಂದೇ ದಾರಿ.

ಬಿಡದಿ ಪಾಳಿ
ನಾನು ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ನಮ್ಮ ಸಾಲಿನ ಗೋಡೆಯ ಮೇಲೆ ಐದು ಜಪಾನಿ ಪದಗಳ ಫಲಕವಿದೆ: ಸೇರಿ, ಸೇತೊನ್, ಸೇಸೋ, ಸೇಕೆತ್ಸು, ಶಿತ್ಸುಕೆ. ಬೇಡದ್ದನ್ನು ತೆಗೆಯುವುದು, ಬೇಕಾದದ್ದನ್ನು ಅದರ ಜಾಗದಲ್ಲಿಡುವುದು, ಗುಡಿಸಿ ಒರೆಸುವುದು, ಆ ಚೊಕ್ಕತನವನ್ನು ಉಳಿಸಿಕೊಳ್ಳುವುದು, ಇದನ್ನೆಲ್ಲ ಶಿಸ್ತಾಗಿ ರೂಢಿಸಿಕೊಳ್ಳುವುದು. ಏಳು ವರ್ಷ ಈ ಪದಗಳನ್ನು ರೋಮನ್ ಅಕ್ಷರದಲ್ಲಿ ನೋಡಿ ‘ಸೈರಿ, ಸೈಟನ್’ ಎಂದೇ ಹೇಳುತ್ತಿದ್ದೆವು. ತರಬೇತಿಗೆ ಬಂದ ಜಪಾನಿ ಎಂಜಿನಿಯರರಿಗೆ ನಾವು ಹೇಳಿದ್ದು ತಮ್ಮದೇ ಭಾಷೆಯ ಪದವೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆ ಫಲಕದ ಕೆಳಗೆ ನಾನು ಈಗ ಕನ್ನಡದಲ್ಲಿಯೂ ಬರೆದು ಅಂಟಿಸಿದ್ದೇನೆ, ಪಾಳಿಯವರೆಲ್ಲರೂ ಸರಿಯಾಗಿ ಹೇಳುತ್ತಾರೆ. ಆದ್ದರಿಂದ ನನ್ನ ಮತ ಕನ್ನಡ ಅಕ್ಷರಕ್ಕೆ. ಎಲ್ಲರೂ ಪರೀಕ್ಷೆಗಾಗಿ ಕಲಿಯುವುದಿಲ್ಲ. ಹಿರಗನಕ್ಕೆ ಕೂರಲು ಸಮಯವಿಲ್ಲದವರೂ ಇದ್ದಾರೆ.

ನೇರನುಡಿ
ಬಿಡದಿ ಪಾಳಿಯವರ ಫಲಕದ ಮಟ್ಟಿಗೆ ಒಪ್ಪಿದೆ. ಐದು ಪದಗಳಿಗೆ ಅದು ಸಾಕು. ಐನೂರು ಪದಗಳಿಗೆ ಸಾಲದು.

ಭಾಷಾಕುತೂಹಲಿ
ಇಷ್ಟೊಂದು ಹೋಲಿಕೆಯಿರುವಾಗ ಜಪಾನಿಯೂ ದ್ರಾವಿಡ ಭಾಷೆಗಳೂ ಒಂದೇ ತಾಯಿಯ ಮಕ್ಕಳೆಂದು ಹೇಳಬಹುದಲ್ಲವೇ? ಜಪಾನಿನ ವಿದ್ವಾಂಸರೊಬ್ಬರೇ ತಮಿಳಿನ ಸಂಬಂಧವನ್ನು ಸಾಧಿಸಿದ್ದಾರೆಂದು ಓದಿದ ನೆನಪು. ಮತ್ತೆ, ಅಕ್ಷರಮಾಲೆಯ ಕ್ರಮ ಕೂಡ ನಮ್ಮದೇ.

ಛಂದೋಪ್ರಿಯ, ಧಾರವಾಡ
ಎರಡು ಬೇರೆ ಬೇರೆ ವಿಷಯಗಳು ಇಲ್ಲಿ ಬೆರೆತಿವೆ, ಬಿಡಿಸಿ ಹೇಳುತ್ತೇನೆ.

ಓನೊ ಸುಸುಮು ಎಂಬ ವಿದ್ವಾಂಸರು ತಮಿಳಿಗೂ ಜಪಾನಿಗೂ ಸಂಬಂಧವಿದೆಯೆಂದು ವಾದಿಸಿದ್ದು ನಿಜ. ಭಾಷಾವಿಜ್ಞಾನಿಗಳಲ್ಲಿ ಬಹುಪಾಲು ಜನ ಅದನ್ನು ಒಪ್ಪಲಿಲ್ಲ. ಕ್ರಿಯಾಪದ ಕೊನೆಗೆ ಬರುವುದು, ಪ್ರತ್ಯಯ ಪದದ ಕೊನೆಗೆ ಹತ್ತುವುದು, ವಿಶೇಷಣ ಮೊದಲು ಬರುವುದು, ಇವು ತುರ್ಕಿ ಮತ್ತು ಕೊರಿಯನ್ ಭಾಷೆಗಳಲ್ಲಿಯೂ ಇವೆ. ನಡಿಗೆ ಒಂದೇ ಇದ್ದ ಮಾತ್ರಕ್ಕೆ ನೆಂಟಸ್ತಿಕೆ ಆಗುವುದಿಲ್ಲ. ನಾವು ಹೋಲಿಕೆಯನ್ನು ಕಲಿಕೆಗೆ ಬಳಸೋಣ, ವಂಶಾವಳಿ ಬರೆಯಲು ಬೇಡ.

ಅಕ್ಷರಕ್ರಮದ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಸರಿ, ಮತ್ತು ಅದು ನಿಜವಾದ ನಂಟು. ಬೌದ್ಧ ಗ್ರಂಥಗಳ ಜೊತೆಗೆ ಸಿದ್ಧಂ ಎಂಬ ಭಾರತೀಯ ಲಿಪಿಯೂ ಸಂಸ್ಕೃತದ ವರ್ಣಕ್ರಮವೂ ಚೀನಾದ ಮೂಲಕ ಜಪಾನಿಗೆ ಹೋದವು. 804ರಲ್ಲಿ ಚೀನಾಕ್ಕೆ ಹೋಗಿ 806ರಲ್ಲಿ ಮರಳಿದ ಕೂಕಾಯ್ ಎಂಬ ಭಿಕ್ಷು ಆ ಅಧ್ಯಯನವನ್ನು ಅಲ್ಲಿ ಬೆಳೆಸಿದವರಲ್ಲಿ ಪ್ರಮುಖರು. ಹಿರಗನದ ಕೋಷ್ಟಕವನ್ನು ಮುಂದಿಟ್ಟುಕೊಂಡು ನೋಡಿರಿ. ಸ್ವರಗಳು ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಚವರ್ಗದ ಜಾಗದಲ್ಲಿ ‘ಸ’ ಕೂತಿದೆ, ತವರ್ಗದಿಂದ ‘ತ’ ಮತ್ತು ‘ನ’ ಬಂದಿವೆ. ಪವರ್ಗದಿಂದ ‘ಮ’ ಬಂದಿದೆ, ಆದರೆ ಅದರ ಹಿಂದೆ ‘ಪ’ ಇರಬೇಕಾದಲ್ಲಿ ‘ಹ’ ಇದೆ. ಏಕೆ? ಏಕೆಂದರೆ ಜಪಾನಿಯ ಇಂದಿನ ಹಕಾರ ಒಂದು ಕಾಲದಲ್ಲಿ ಪಕಾರವಾಗಿತ್ತು.

ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಾಲು ಹಾಲಾದದ್ದು, ಪೂ ಹೂವಾದದ್ದು ನಮ್ಮ ಮನೆಯ ಕತೆ.

ತುಂಗೆಯ ದಡ
ಸರ್, ಇದನ್ನು ಓದಿ ಮೈ ಜುಮ್ಮೆಂದಿತು. ಸಂಧಿಯ ವಿಷಯವನ್ನೂ ಇಲ್ಲಿ ಬರೆಯಿರಿ. ಮಂಗಳವಾರ ನೀವು ಅರ್ಧ ಹೇಳಿದ್ದಿರಿ, ಹಲವರು ಅಂದು ಇರಲಿಲ್ಲ.

ಛಂದೋಪ್ರಿಯ, ಧಾರವಾಡ
ಬರೆಯುತ್ತೇನೆ, ಇದು ನನಗೆ ಅತ್ಯಂತ ಪ್ರಿಯವಾದ ಭಾಗ. ಮಳೆ ಮತ್ತು ಕಾಲ ಕೂಡಿದರೆ ಮಳೆಗಾಲ. ಬೆಟ್ಟ ಮತ್ತು ತಾವರೆ ಕೂಡಿದರೆ ಬೆಟ್ಟದಾವರೆ. ಕಣ್ ಮತ್ತು ಪನಿ ಕೂಡಿದರೆ ಕಂಬನಿ. ಉತ್ತರಪದದ ಮೊದಲಿನ ಕ, ತ, ಪಗಳಿಗೆ ಗ, ದ, ಬಗಳು ಬರುತ್ತವೆ ಎಂಬುದು ನಾವು ಬಾಯಿಪಾಠ ಮಾಡಿದ ಆದೇಶ ಸಂಧಿ.

ಈಗ ಜಪಾನಿಗೆ ಬನ್ನಿರಿ. ಮಡಿಸುವುದಕ್ಕೆ ‘ಒರಿ’, ಕಾಗದಕ್ಕೆ ‘ಕಮಿ’, ಕೂಡಿದರೆ ‘ಒರಿಗಮಿ’. ಕೈಗೆ ‘ತೆ’, ಕಾಗದದೊಂದಿಗೆ ಕೂಡಿದರೆ ‘ತೆಗಮಿ’, ಅಂದರೆ ಪತ್ರ. ಹೂವಿಗೆ ‘ಹನ’, ಬೆಂಕಿಗೆ ‘ಹಿ’. ಕೂಡಿದರೆ ‘ಹನಬಿ’, ಆಕಾಶದಲ್ಲಿ ಅರಳುವ ಬಾಣಬಿರುಸು. ಜಪಾನೀಯರು ಇದನ್ನು ‘ರೆಂದಕು’ ಎನ್ನುತ್ತಾರೆ. ‘ಹ’ ಹೋಗಿ ‘ಬ’ ಏಕೆ ಬಂದಿತು ಎಂದು ಇಂಗ್ಲಿಷ್ ಪುಸ್ತಕ ಓದಿದವರು ತಲೆ ಕೆರೆದುಕೊಳ್ಳುತ್ತಾರೆ. ಕನ್ನಡದಲ್ಲಿ ಬಿಡಿಯಾಗಿ ‘ಹನಿ’ ಎನ್ನುವ ನಾವು ಸಮಾಸದಲ್ಲಿ ‘ಕಂಬನಿ’ ಎನ್ನುತ್ತೇವಲ್ಲ, ಅದೇ ಕಾರಣ. ಹಳೆಯ ಪಕಾರ ಸಮಾಸದೊಳಗೆ ಬಕಾರವಾಗಿ ಉಳಿದುಕೊಂಡಿದೆ, ಹೊರಗೆ ಹಕಾರವಾಗಿದೆ.

ಆದರೆ ಎಲ್ಲ ಕಡೆಯೂ ಹೀಗಾಗುತ್ತದೆಂದು ತಿಳಿಯಬೇಡಿರಿ. ವಸಂತದ ಗಾಳಿಗೆ ‘ಹರುಕಜ಼ೆ’ ಎನ್ನುತ್ತಾರೆಯೇ ಹೊರತು ‘ಹರುಗಜ಼ೆ’ ಎನ್ನುವುದಿಲ್ಲ. ಉತ್ತರಪದದಲ್ಲಿ ಆಗಲೇ ಗ, ಜ಼, ದ, ಬಗಳಂತಹ ಘೋಷಾಕ್ಷರವಿದ್ದರೆ ಸಾಮಾನ್ಯವಾಗಿ ಆದೇಶವಾಗದು.

ಅಮ್ಮ ಮೈಸೂರು
ಕಂಬನಿಯನ್ನು ಹಿಡಿದು ಹನಬಿಗೆ ಹೋಗಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಮಗನ ಕನ್ನಡ ಪರೀಕ್ಷೆಗೂ ಇದರಿಂದ ಅನುಕೂಲವಾಯಿತು.

ನೇರನುಡಿ
ಸರ್ ಅವರ ಬರಹ ಓದಿ ನನಗೂ ಸಂತೋಷವಾಗಿದೆ. ಆದರೂ ನನ್ನ ಆತಂಕವನ್ನು ಹೇಳಲೇಬೇಕು. ಹೋಲಿಕೆಗಳು ಕಲಿಯುವವರನ್ನು ಮೈಮರೆಸುತ್ತವೆ. ಕನ್ನಡ ದಾರಿ ತಪ್ಪಿಸುವ ಜಾಗಗಳನ್ನೂ ಇಲ್ಲಿ ಬರೆಯೋಣ.

‘ಮನೆಯಲ್ಲಿ ಇದ್ದೇನೆ’, ‘ಮನೆಯಲ್ಲಿ ಓದುತ್ತೇನೆ’, ಎರಡಕ್ಕೂ ನಮಗೆ ‘ಅಲ್ಲಿ’ ಒಂದೇ. ಜಪಾನಿಯಲ್ಲಿ ಇರುವುದಕ್ಕೆ ‘ಉಚಿ ನಿ ಇಮಸು’, ಓದುವ ಕೆಲಸಕ್ಕೆ ‘ಉಚಿ ದೆ ಯೊಮಿಮಸು’. ಸುಮ್ಮನೆ ಇರುವ ಜಾಗಕ್ಕೆ ‘ನಿ’, ಕೆಲಸ ನಡೆಯುವ ಜಾಗಕ್ಕೆ ‘ದೆ’. ಕನ್ನಡದಲ್ಲಿ ಯೋಚಿಸುವವರು ಇಲ್ಲಿ ಎಡವುತ್ತಲೇ ಇರುತ್ತಾರೆ, ಎಡವಿದ್ದು ಅವರಿಗೆ ತಿಳಿಯುವುದೂ ಇಲ್ಲ. ‘ಬೆಕ್ಕು ಇದೆ, ಮೇಜು ಇದೆ’ ಎಂದು ನಾವು ಎರಡಕ್ಕೂ ‘ಇದೆ’ ಎನ್ನುತ್ತೇವೆ. ಅಲ್ಲಿ ಜೀವವಿದ್ದು ಚಲಿಸುವುದಕ್ಕೆ ‘ಇಮಸು’, ಜೀವವಿಲ್ಲದ ವಸ್ತುವಿಗೂ ಗಿಡಮರಕ್ಕೂ ‘ಅರಿಮಸು’. ನಮ್ಮ ‘ಕೊಡು’ ಒಂದೇ. ಅಲ್ಲಿ ನಾನು ಇತರರಿಗೆ ಕೊಟ್ಟರೆ ‘ಅಗೆರು’, ಇತರರು ನನಗೆ ಕೊಟ್ಟರೆ ‘ಕುರೆರು’. ಪದದ ಕೊನೆಗೆ ಹತ್ತುವ ‘ವ’ ಮತ್ತು ‘ಗ’ ಎಂಬ ಪ್ರತ್ಯಯಗಳ ಭೇದವನ್ನಂತೂ ಕನ್ನಡದ ಯಾವ ವಿಭಕ್ತಿಯೂ ಹಿಡಿದುಕೊಡುವುದಿಲ್ಲ.

ಕವಾಸಾಕಿಯ ಕನ್ನಡಿಗ
ಕೊನೆಯ ಮಾತಿಗೆ ಅರ್ಧ ವಿರೋಧವಿದೆ. ‘ಜ಼ೋ ವ ಹನ ಗ ನಗಇ’ ಎಂಬ ವಾಕ್ಯವನ್ನು ಇಂಗ್ಲಿಷಿಗೆ ತರಬೇಕಾದರೆ ಮುರಿದು ಕಟ್ಟಬೇಕು. ಕನ್ನಡದಲ್ಲಿ ‘ಆನೆಗೆ ಸೊಂಡಿಲು ಉದ್ದ’. ‘ಗ’ ಹತ್ತಿದ ಸೊಂಡಿಲು ಕರ್ತೃ, ‘ವ’ ಹತ್ತಿದ ಆನೆ ಮಾತಿನ ವಿಷಯ. ‘ನನಗೆ ಮಾವು ಇಷ್ಟ’ ಎಂಬುದೂ ಹೀಗೆಯೇ; ‘ವತಶಿ ವ ಮಂಗೋ ಗ ಸುಕಿ ದೆಸು’. ಹಾಗೆಂದು ‘ವ’ ಎಂದರೆ ‘ಗೆ’ ಎಂದು ಬರೆದುಕೊಳ್ಳಬೇಡಿ, ಅದು ತಪ್ಪಾಗುತ್ತದೆ. ಮೊದಲ ಹಂತದಲ್ಲಿ ಒಂದು ನಿಯಮವನ್ನು ಹಿಡಿದುಕೊಳ್ಳಿ: ‘ಯಾರು ಬಂದರು?’ ಎಂಬಂತೆ ಪ್ರಶ್ನಾರ್ಥಕ ಪದವೇ ಕರ್ತೃವಾದರೆ ಅದಕ್ಕೆ ‘ಗ’, ಅದರ ಉತ್ತರಕ್ಕೂ ‘ಗ’. ‘ದರೆ ಗ ಕಿಮಶಿತ ಕ?’ ಎಂದು ಕೇಳಿದರೆ ‘ವ’ ಹಾಕಿ ಉತ್ತರಿಸಬೇಡಿ.

ಹಾಸನದ ದಾದಿ
ನಾನು ಜಪಾನಿನಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಹೋಗಲು ಸಿದ್ಧಳಾಗುತ್ತಿದ್ದೇನೆ. ನಿರ್ದಿಷ್ಟ ಕೌಶಲದ ಆ ವೀಸಾಕ್ಕೆ ಎನ್4 ಅಥವಾ ಅದಕ್ಕೆ ಸಮಾನವಾದ ಇನ್ನೊಂದು ಭಾಷಾ ಪರೀಕ್ಷೆ, ಕೌಶಲದ ಪರೀಕ್ಷೆ, ಜೊತೆಗೆ ಆರೈಕೆಗೆ ಸಂಬಂಧಿಸಿದ ಜಪಾನಿಯ ಪರೀಕ್ಷೆ, ಎಲ್ಲವನ್ನೂ ದಾಟಬೇಕು. ನನಗೆ ವ್ಯಾಕರಣಕ್ಕಿಂತ ಮೊದಲು ಬೇಕಾದದ್ದು ನೋವಿನ ಮಾತು, ಮತ್ತು ಅದನ್ನು ನನಗೆ ಕನ್ನಡವೇ ಕಲಿಸಿತು.

ನಮ್ಮ ವಾರ್ಡಿನಲ್ಲಿ ಅಜ್ಜಿಯಂದಿರು ‘ಚುರುಚುರು ಎನ್ನುತ್ತದೆ ಮಗಾ’, ‘ಎದೆ ಡವಡವ ಎನ್ನುತ್ತದೆ’ ಎಂದೇ ಹೇಳುವುದು. ಜಪಾನಿನ ಹಿರಿಯರೂ ಹಾಗೆಯೇ ಜೋಡಿನುಡಿಗಳಲ್ಲಿ ಹೇಳುತ್ತಾರೆ. ಚರ್ಮ ಚುರುಚುರು ಉರಿದರೆ ‘ಹಿರಿಹಿರಿ’. ಮುಳ್ಳು ಚುಚ್ಚಿದಂತಾದರೆ ‘ಚಿಕುಚಿಕು’. ನಾಡಿಯ ಬಡಿತದೊಂದಿಗೆ ಮಿಡಿಯುವ ನೋವು ‘ಜ಼ುಕಿಜ಼ುಕಿ’, ತಲೆಗೆ ಸುತ್ತಿಗೆಯಲ್ಲಿ ಹೊಡೆದಂತಿದ್ದರೆ ‘ಗಂಗನ್’, ಎದೆ ಡವಡವ ಎಂದರೆ ‘ದೊಕಿದೊಕಿ’. ಇವನ್ನು ಚೀಟಿಯಲ್ಲಿ ಬರೆದು ಒಂದು ಬದಿಗೆ ಹಿರಗನ, ಇನ್ನೊಂದು ಬದಿಗೆ ನಮ್ಮ ಅಜ್ಜಿಯರ ಮಾತನ್ನು ಬರೆದಿಟ್ಟುಕೊಂಡಿದ್ದೇನೆ. ಇಂಗ್ಲಿಷಿನ ಅರ್ಥ ಬರೆದಿದ್ದ ಹಳೆಯ ಚೀಟಿಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ.

ಒಂದು ಎಚ್ಚರಿಕೆಯನ್ನು ಕಲಿತೆ. ನಾಲ್ಕಕ್ಕೆ ‘ಶಿ’ ಎಂದರೆ ಸಾವು ಎಂಬ ಪದದ ಧ್ವನಿ ಬರುತ್ತದೆ. ಸಾಮಾನ್ಯವಾಗಿ ‘ಯೊನ್’ ಎನ್ನುತ್ತಾರೆ. ಆದರೆ ನಾಲ್ಕು ಗಂಟೆಗೆ ‘ಯೊಜಿ’, ಏಪ್ರಿಲ್ ತಿಂಗಳಿಗೆ ‘ಶಿಗತ್ಸು’. ಇವುಗಳನ್ನು ಒಂದೊಂದಾಗಿಯೇ ಬಾಯಿಗೆ ತರಬೇಕು.

ಬಿಡದಿ ಪಾಳಿ
ಎಣಿಕೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಜನರನ್ನು ಎಣಿಸುವಾಗ ‘ಹಿತೊರಿ, ಫುತರಿ’ ಎಂದು ಹೇಳಿ, ಮೂರರಿಂದ ‘ಸನ್ನಿನ್’ ಎಂದು ಬೇರೆ ದಾರಿ ಹಿಡಿಯುವುದನ್ನು ಕೇಳಿ ನಮ್ಮ ಪಾಳಿಯವರು ತಬ್ಬಿಬ್ಬಾದರು. ನಾವು ಕೂಡ ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು ಎಂದು ಹೇಳಿ ‘ಆರು ಮಂದಿ’ಗೆ ಬದಲಾಗುತ್ತೇವೆ ಎಂದಾಗ ಎಲ್ಲರಿಗೂ ಸಮಾಧಾನವಾಯಿತು.

ಭಾಷಾಕುತೂಹಲಿ
ವಂಶದ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ಆದರೆ ಕಂಜಿಗೆ, ಅಂದರೆ ಚೀನೀ ಮೂಲದ ಚಿತ್ರಾಕ್ಷರಗಳಿಗೆ, ಕನ್ನಡ ಏನು ಮಾಡೀತು? ನಿತ್ಯಬಳಕೆಯ ಅಧಿಕೃತ ಪಟ್ಟಿಯಲ್ಲಿಯೇ 2,136 ಇವೆ, ಹಲವಕ್ಕೆ ಎರಡು ಮೂರು ಓದು.

ಛಂದೋಪ್ರಿಯ, ಧಾರವಾಡ
ಆಕಾರ ಕಲಿಯಲು ಕನ್ನಡದಿಂದ ಏನೂ ಆಗದು. ಚೌಕುಳಿ ಗೆರೆಯ ಲೆಕ್ಕದ ಪುಸ್ತಕದಲ್ಲಿ ಗೆರೆಯ ಕ್ರಮವನ್ನು ತಪ್ಪಿಸದೆ ತಿದ್ದಬೇಕು. ಓದು ಎರಡೇಕೆ ಎಂಬುದನ್ನು ಮಾತ್ರ ಕನ್ನಡ ಚೆನ್ನಾಗಿ ತಿಳಿಸುತ್ತದೆ. ನಾವು ಬಿಡಿಯಾಗಿ ‘ನೀರು’ ಎನ್ನುತ್ತೇವೆ, ಸಮಾಸದಲ್ಲಿ ‘ಜಲಾಶಯ’ ಎನ್ನುತ್ತೇವೆ. ಒಂದು ಅಚ್ಚಕನ್ನಡ, ಇನ್ನೊಂದು ಸಂಸ್ಕೃತದಿಂದ ಬಂದದ್ದು. ನಾವು ಅವೆರಡನ್ನೂ ಬೇರೆ ಅಕ್ಷರಗಳಲ್ಲಿ ಬರೆಯುತ್ತೇವೆ. ಜಪಾನೀಯರು ನೀರಿನ ಒಂದೇ ಚಿತ್ರವನ್ನು ಬರೆದು ಬಿಡಿಯಾಗಿದ್ದರೆ ‘ಮಿಜ಼ು’ ಎಂದೂ, ಚೀನೀ ಮೂಲದ ಸಮಾಸದಲ್ಲಿ ‘ಸುಯ್’ ಎಂದೂ ಓದುತ್ತಾರೆ. ‘ಸುಯ್‌ಯೋಬಿ’ ಎಂದರೆ ನೀರಿನ ವಾರ, ಅಂದರೆ ಬುಧವಾರ. ಬುಧಗ್ರಹಕ್ಕೆ ಅವರಲ್ಲಿ ನೀರಿನ ಗ್ರಹವೆಂದೇ ಹೆಸರು. ಮಂಗಳನಿಗೆ ಬೆಂಕಿ, ಗುರುವಿಗೆ ಮರ, ಶುಕ್ರನಿಗೆ ಲೋಹ, ಶನಿಗೆ ಮಣ್ಣು. ವಾರಗಳ ಗ್ರಹಕ್ರಮ ನಮ್ಮದೇ ಆದ್ದರಿಂದ ಏಳು ಕಂಜಿಗಳು ಒಂದೇ ಸಂಜೆಗೆ ಬಂದವು.

ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಸೇರಿಸಿದರೆ ನಾವು ಅರಿಸಮಾಸ ಎಂದು ಗುರುತಿಸುತ್ತೇವೆ. ಎರಡು ಬಗೆಯ ಓದುಗಳು ಬೆರೆತ ಪದಗಳಿಗೆ ಅವರಲ್ಲಿಯೂ ಪ್ರತ್ಯೇಕ ಹೆಸರಿದೆ, ‘ಜೂಬಾಕೊ ಓದು’ ಎಂದು.

ಕವಾಸಾಕಿಯ ಕನ್ನಡಿಗ
ಸರ್, ಕ್ಷಮಿಸಿ, ಚಿಕ್ಕ ತಿದ್ದುಪಡಿ. ‘ಜೂಬಕೊ’, ಬಕಾರ ಹ್ರಸ್ವ. ಪೆಟ್ಟಿಗೆಗೆ ‘ಹಕೊ’, ಅದೂ ನಿಮ್ಮ ಆದೇಶ ಸಂಧಿಯೇ.

ಛಂದೋಪ್ರಿಯ, ಧಾರವಾಡ
ಸರಿಯಾಗಿ ಹಿಡಿದಿರಿ. ಜೂಬಕೊ, ನಾಲ್ಕು ಮಾತ್ರೆ. ತಿದ್ದಿಕೊಂಡೆ.

ಅಮ್ಮ ಮೈಸೂರು
ಮಗ ಕಾರ್ಟೂನುಗಳನ್ನು ನೋಡಿ ತನ್ನನ್ನು ‘ಒರೆ’ ಎಂದೂ ಎದುರಿನವರನ್ನು ‘ಒಮಎ’ ಎಂದೂ ಕರೆಯಲು ಕಲಿತಿದ್ದಾನೆ. ಇದು ‘ನೀನು’ ಎಂದ ಹಾಗೋ, ಅದಕ್ಕಿಂತ ಒರಟೋ?

ಕವಾಸಾಕಿಯ ಕನ್ನಡಿಗ
ಅದಕ್ಕಿಂತ ಒರಟು, ಮೇಡಂ. ‘ಒಮಎ’ ಎಂದರೆ ಜಗಳಕ್ಕೆ ನಿಂತಂತೆ ಅಥವಾ ತೀರಾ ಸಲಿಗೆಯ ಗೆಳೆಯನನ್ನು ಕರೆದಂತೆ. ಮಗನಿಗೆ ಸದ್ಯಕ್ಕೆ ‘ಬೊಕು’ ಸಾಕು. ‘ನೀವು’ ಎಂಬುದಕ್ಕೆ ಪುಸ್ತಕದಲ್ಲಿ ‘ಅನತ’ ಎಂದಿರುತ್ತದೆ, ಅದನ್ನೂ ಆದಷ್ಟು ಬಿಡಿ. ಎದುರಿನವರ ಹೆಸರಿಗೆ ‘ಸನ್’ ಸೇರಿಸಿ ಕರೆಯಬೇಕು. ಹಿರಿಯರೆದುರು ‘ನೀವು’ ಎನ್ನಲೂ ಹಿಂಜರಿದು ‘ಸರ್ ಯಾವಾಗ ಬಂದದ್ದು?’ ಎಂದು ಕೇಳುವ ನಮಗೆ ಇದು ಕಷ್ಟವಾಗದು.

ಆದರೆ ಮರ್ಯಾದೆಯ ವಿಷಯದಲ್ಲಿ ಕನ್ನಡ ನನಗೆ ಪೆಟ್ಟು ಕೊಟ್ಟಿದೆ. ಮೊದಲ ವರ್ಷ, ಕಚೇರಿಗೆ ಗ್ರಾಹಕರೊಬ್ಬರ ದೂರವಾಣಿ ಕರೆ ಬಂದಿತು. ತನಕ ಎಂಬ ನಮ್ಮ ಮೇಲಧಿಕಾರಿಯನ್ನು ಆ ಗ್ರಾಹಕರು ಕೇಳಿದರು. ಅವರು ಕುರ್ಚಿಯಲ್ಲಿ ಇರಲಿಲ್ಲ. ನಾನು ಬಹಳ ಗೌರವದಿಂದ ‘ತನಕಸನ್’ ಎಂದು ಹೇಳಿ ಗೌರವಸೂಚಕ ಕ್ರಿಯಾಪದವನ್ನೇ ಬಳಸಿದೆ. ಪಕ್ಕದ ಮೇಜಿನ ಹಿರಿಯರು ಕರೆ ಮುಗಿಯುವವರೆಗೆ ಕಾದು, ಚೀಟಿಯ ಮೇಲೆ ಒಂದು ವಾಕ್ಯವನ್ನು ಬರೆದು ನನ್ನ ಮುಂದಿಟ್ಟರು: ‘ತನಕ ವ ಸೆಕಿ ಒ ಹಜ಼ುಶಿತೆ ಒರಿಮಸು.’ ತನಕ ಜಾಗದಲ್ಲಿಲ್ಲ ಎಂದರ್ಥ. ಹೆಸರಿಗೆ ‘ಸನ್’ ಇಲ್ಲ, ಕ್ರಿಯಾಪದ ವಿನಯದ್ದು. ಹೊರಗಿನವರೊಡನೆ ಮಾತನಾಡುವಾಗ ನಮ್ಮ ಮೇಲಧಿಕಾರಿಯೂ ‘ನಮ್ಮವರು’, ನಮ್ಮವರನ್ನು ತಗ್ಗಿಸಿಯೇ ಹೇಳಬೇಕು. ‘ನಮ್ಮ ಸಾಹೇಬರು ಹೊರಗೆ ಹೋಗಿದ್ದಾರೆ’ ಎಂದು ಎಲ್ಲರೆದುರೂ ಬಹುವಚನ ಬಳಸುವ ನಮಗೆ ಇದು ಮನಸ್ಸಿಗೆ ಒಗ್ಗುವುದಿಲ್ಲ. ಆ ಚೀಟಿಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ನೇರನುಡಿ
ನಾನು ಹೇಳಬೇಕೆಂದಿದ್ದದ್ದು ಇದನ್ನೇ. ವಾಕ್ಯದ ಕಟ್ಟಡಕ್ಕೆ ಕನ್ನಡ ಬಹುಪಾಲು ಆಸರೆಯಾಗುತ್ತದೆ. ಯಾರು ಯಾರಿಗೆ ಹೇಗೆ ಹೇಳಬೇಕು ಎಂಬಲ್ಲಿ ಕನ್ನಡವನ್ನು ಬದಿಗಿಟ್ಟು ಜಪಾನೀಯರನ್ನೇ ನೋಡಿ ಕಲಿಯಬೇಕು.

ತುಂಗೆಯ ದಡ
ಎಲ್ಲರ ಮಾತನ್ನೂ ಓದಿದೆ. ಭಾನುವಾರದಿಂದ ಜಪಾನಿ ಪದಗಳನ್ನು ಹಿರಗನದಲ್ಲಿ, ವಿವರಣೆಯನ್ನು ಕನ್ನಡದಲ್ಲಿ ಬರೆಯುತ್ತೇವೆ. ಬಿಡದಿಯ ಪಾಳಿಯವರಿಗಾಗಿ ಕನ್ನಡ ಅಕ್ಷರದ ಒಂದು ಹಾಳೆ ಬೇರೆಯಾಗಿ ಇರುತ್ತದೆ. ಪರೀಕ್ಷೆ ಬರೆಯುವವರು ಒಂದು ಮಾತನ್ನು ಗಮನದಲ್ಲಿಡಬೇಕು: ಎನ್5ರಲ್ಲಿ 180ಕ್ಕೆ 80 ಬಂದರೆ ಸಾಲದು, ಭಾಷಾಜ್ಞಾನ ಮತ್ತು ಓದಿನಲ್ಲಿ 120ಕ್ಕೆ 38, ಆಲಿಸುವಿಕೆಯಲ್ಲಿ 60ಕ್ಕೆ 19 ಬೇರೆ ಬೇರೆಯಾಗಿ ಬರಲೇಬೇಕು.

ಭಾನುವಾರ ಪ್ರತಿಯೊಬ್ಬರೂ ಸ್ವಪರಿಚಯ ಹೇಳಬೇಕಲ್ಲ, ನನ್ನದನ್ನು ಇಲ್ಲಿ ಹಾಕುತ್ತಿದ್ದೇನೆ. ಎಲ್ಲರೂ ಓದಲೆಂದು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ನೇರನುಡಿಯವರು ಮನ್ನಿಸಬೇಕು. ಭಾರತದಿಂದ ಬಂದಿದ್ದೇನೆ, ನನ್ನ ತಾಯಿ ಕನ್ನಡ ಶಿಕ್ಷಕಿ, ಮನೆಯಲ್ಲಿ ಬೆಕ್ಕು ಇದೆ ಎಂಬುದು ಇದರ ಸಾರ. ತಪ್ಪಿದ್ದರೆ ತಿದ್ದಿ.

‘ಹಜಿಮೆಮಶಿತೆ. ಇಂದೊ ಕರ ಕಿಮಶಿತ. ವತಶಿ ನೊ ಒಕಾಸನ್ ವ ಕನ್ನಡಗೊ ನೊ ಸೆನ್ಸೇ ದೆಸು. ಉಚಿ ನಿ ನೆಕೊ ಗ ಅರಿಮಸು. ದೋಜ಼ೊ ಯೊರೊಶಿಕು ಒನೆಗಇಶಿಮಸು.’

ನೇರನುಡಿ
ಬೆಕ್ಕಿಗೆ ‘ಇಮಸು’.

ಕವಾಸಾಕಿಯ ಕನ್ನಡಿಗ
ತಾಯಿಯ ವಾಕ್ಯವನ್ನೂ ತಿದ್ದಬೇಕು. ‘ಒಕಾಸನ್’ ಎಂಬುದು ಇತರರ ತಾಯಿಗೆ, ಅಥವಾ ಮನೆಯೊಳಗೆ ಅಮ್ಮನನ್ನು ಕರೆಯುವುದಕ್ಕೆ. ಹೊರಗಿನವರ ಮುಂದೆ ನಮ್ಮ ತಾಯಿ ‘ಹಹ’. ‘ಸೆನ್ಸೇ’ ಗೌರವದ ಪದವಾದ್ದರಿಂದ ನಮ್ಮವರ ವೃತ್ತಿಗೆ ಹೇಳಬಾರದು, ‘ಕ್ಯೋಶಿ’ ಎನ್ನಬೇಕು. ‘ವತಶಿ ನೊ’ ಬೇಕಾಗಿಲ್ಲ. ‘ಹಹ’ ಎಂದಾಗಲೇ ಅದು ನಿಮ್ಮ ತಾಯಿ ಎಂದು ತಿಳಿಯುತ್ತದೆ.

ತುಂಗೆಯ ದಡ
‘ಹಹ ವ ಕನ್ನಡಗೊ ನೊ ಕ್ಯೋಶಿ ದೆಸು. ಉಚಿ ನಿ ನೆಕೊ ಗ ಇಮಸು.’ ಈಗ ಸರಿಯೇ?

ಕವಾಸಾಕಿಯ ಕನ್ನಡಿಗ
ಸರಿಯಾಗಿದೆ. ಭಾನುವಾರ ಇದನ್ನೇ ಹಾಳೆ ನೋಡದೆ ಹೇಳಿ. ‘ಕ್ಯೋ’ ಎನ್ನುವಲ್ಲಿ ಎರಡು ಮಾತ್ರೆ ಪೂರ್ತಿ ನಿಲ್ಲಿ, ಆಮೇಲೆ ‘ಶಿ’.